ರೊಟ್ಟಿ ಕಟ್ಟಿದ ಅರಿವೆ

ಅವ್ವನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಸಿಕ್ಕ ಬಿಳಿ ಅರಿವೆಯನ್ನು ಮೂಗಿಗೆ ಹಿಡಿದು ಕೂತಿದ್ದೇನೆ. ಸುಟ್ಟ ಜೋಳದ ವಾಸನೆ ಇನ್ನೂ ಉಳಿದಂತಿದೆ.

ಆಗ ನಮ್ಮ ಮನೆ ಸಿಂಧನೂರಿನ ಅಕ್ಕಿ ಗಿರಣಿಯ ಹಿಂದೆ ಇತ್ತು. ಬೀದಿ ತುಂಬ ಭತ್ತದ ಲಾರಿಗಳು, ಬಾಗಿಲಿಗೆಲ್ಲ ತೌಡಿನ ಧೂಳು. ಒಂದು ಮಧ್ಯಾಹ್ನ ಮಸ್ಕಿ ಕಡೆಯ ಒಣಭೂಮಿಯ ಊರಿನಿಂದ ಅವ್ವನ ತಾಯಿ ಬಂದಳು. ಅವರ ಊರಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಜ್ವರದವರಿಗೆ. ನಮ್ಮ ಒಲೆಯ ಮೇಲೆ ಅನ್ನ ಕುದಿಯುವುದನ್ನು ಕಂಡು ಅಜ್ಜಿ ಗಾಬರಿಯಾದಳು.

“ಯಾರಿಗೆ ಜ್ವರ ಬಂದಾವ?”

“ಯಾರಿಗೂ ಇಲ್ಲ ಯವ್ವಾ. ಇಲ್ಲಿ ದಿನಾ ಅನ್ನಾನ.”

“ಕಾಲುವಿ ನೀರು ಬಂದ್ರ ಜ್ವಾಳ ಬಿತ್ತೂದ ಬಿಟ್ಟುಬಿಡ್ತಾರೇನು?” ಎನ್ನುತ್ತ ಅಜ್ಜಿ ತಾನು ತಂದ ಬಿಳಿ ಅರಿವೆಯ ಗಂಟು ಬಿಚ್ಚಿದಳು. ಅವ್ವ ಗೋಡೆಗೆ ಮುಖ ಮಾಡಿ ಕೂತು, ಪಲ್ಯವೂ ಇಲ್ಲದೆ ಖಡಕ್ ರೊಟ್ಟಿಗಳನ್ನು ಮುರಿದು ಮುರಿದು ತಿಂದಳು. ನನಗೆ ಒಂದು ಚೂರೂ ಕೊಡಲಿಲ್ಲ.

ರೊಟ್ಟಿ ಕಟ್ಟಿ ತಂದ ಅರಿವೆಯನ್ನು ನಮ್ಮಲ್ಲಿ ಬರಿದಾಗಿ ಮರಳಿಸುವುದಿಲ್ಲ, ಏನಾದರೂ ಕಟ್ಟಿಯೇ ಕೊಡುತ್ತಾರೆ. ಅಜ್ಜಿ ಹೊರಟಾಗ ಅವ್ವ ಅಕ್ಕಿಯನ್ನು ಬೇರೆ ಚೀಲಕ್ಕೆ ತುಂಬಿದಳು.

“ನನ್ನ ಅರಿವಿ ಎಲ್ಲೈತಿ?”

“ಇನ್ನಾ ಒಗದಿಲ್ಲ ಯವ್ವಾ. ಮುಂದಿನ ಸಲ ಬಂದಾಗ ಒಯ್ಯಿ,” ಎಂದಳು ಅವ್ವ.

ಅದನ್ನು ಅವಳು ಕೊನೆಗೂ ಒಗೆಯಲೇ ಇಲ್ಲ.