ಒಂದೂವರೆ ಹಕ್ಕಿ

ಪಂಪ್‌ಹೌಸಿನ ಗೋಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಕಾರ್ಖಾನೆಯ ಪರಿಸರಾಧಿಕಾರಿ ಅತ್ತಿತ್ತ ನೋಡಿದ. ಎರಡೂ ಕೈ ಬಾಯಿಗೆ ಮಡಚಿ ಹಿಡಿದು ಕೂಗಿದ. ಮೂರು ಗಿಡ್ಡ, ಒಂದು ಉದ್ದ. ಇಪ್ಪತ್ತು ವರ್ಷ ಓದಿದ ಮನುಷ್ಯ ಬೆಳಗಿನ ಆರು ಗಂಟೆಗೆ ಜೊಂಡುಹಕ್ಕಿಯಾಗಿದ್ದ.

ಬಣ್ಣದ ಕಾರ್ಖಾನೆಯ ಪರವಾನಗಿ ಆ ಹಕ್ಕಿಯ ಗಂಟಲಲ್ಲಿತ್ತು. ಪಕ್ಕದ ಜೌಗಿನಲ್ಲಿ ಅದು ಬದುಕಿದೆ ಎಂದು ಕಾರ್ಖಾನೆಯವರೂ ಊರಿನವರೂ ಎಣಿಸಿ ಹೇಳಬೇಕು. ಇಲ್ಲವಾದರೆ ಬಾಗಿಲಿಗೆ ಬೀಗ. ಜೊಂಡಿನೊಳಗಿನ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ, ಕಿವಿಯಲ್ಲೇ ಎಣಿಕೆ. ಒಬ್ಬರ ಮಾತು ಇನ್ನೊಬ್ಬರಿಗೆ ತಾಕದಿರಲೆಂದು ಈ ದಡದಲ್ಲಿ ಅಧಿಕಾರಿ, ಆ ದಡದಲ್ಲಿ ಊರಿನ ಪರವಾಗಿ ದೋಣಿಯಮ್ಮ. ನಲವತ್ತು ವರ್ಷ ಅದೇ ನೀರಿನಲ್ಲಿ ದೋಣಿ ನಡೆಸಿದವಳು.

ಮೊದಲ ತಿಂಗಳು ಜೌಗು ತುಟಿಪಿಟಕ್ಕೆನ್ನಲಿಲ್ಲ. "ಹಕ್ಕಿ ಹೋದ್ರೆ ನೀವೂ ಹೋದ ಹಾಗೇ," ಎಂದು ಮ್ಯಾನೇಜರು ಬಹಳ ಪ್ರೀತಿಯಿಂದ ತಿಳಿಸಿದ. ಮರುದಿನವೇ ಅಧಿಕಾರಿಗೆ ಕಂಠ ಬಂತು.

ಕೂಗಲು ಶುರುಮಾಡಿದ ಎರಡನೇ ವಾರ ಆ ದಡದಿಂದ ಉತ್ತರ ಬಂತು. ಅದೇ ಮೂರು ಗಿಡ್ಡ, ಒಂದು ಉದ್ದ. ಅಧಿಕಾರಿಯ ಕಣ್ಣು ತುಂಬಿತು. ಕಾರ್ಖಾನೆ ಇಷ್ಟೆಲ್ಲ ಉಗುಳಿದರೂ ಒಂದು ಜೀವ ಉಳಿದುಕೊಂಡಿದೆ! ಆಮೇಲೆ ತಾನು ಕೂಗುವುದು ಕೆಲಸಕ್ಕೋ ಆ ಜೀವಕ್ಕೋ ಅವನಿಗೇ ತಿಳಿಯಲಿಲ್ಲ. ಮೇಲಿನವರ ಕೈಕಾಲು ಹಿಡಿದು ಕೊಳಕು ನೀರಿನ ಒಂದು ಕೊಳವೆಯನ್ನೂ ಮುಚ್ಚಿಸಿದ. ಅದು ಅವನ ನೌಕರಿಯಲ್ಲಿ ನಡೆದ ಮೊದಲ ಪರಿಸರ ಕಾರ್ಯ.

ತಿಂಗಳ ಕೊನೆಗೆ ಇಬ್ಬರ ಎಣಿಕೆಯ ಪುಸ್ತಕಗಳೂ ಅವನ ಮೇಜಿಗೆ ಬಂದವು. ಅವನದರಲ್ಲಿ ಎರಡು ಹಕ್ಕಿ, ದೋಣಿಯಮ್ಮನದರಲ್ಲಿ ಒಂದು. ಪಾಪ, ವಯಸ್ಸಾಯಿತು, ಕಿವಿ ಮಂದ ಎಂದುಕೊಂಡ. ವಾರ್ಷಿಕ ವರದಿಯಲ್ಲಿ "ಸರಾಸರಿ ಒಂದೂವರೆ ಹಕ್ಕಿ" ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಆ ಅರ್ಧ ಹಕ್ಕಿ ಯಾವುದೆಂದು ಯಾರೂ ಕೇಳಲಿಲ್ಲ.

ಚಳಿಗಾಲದಲ್ಲೊಂದು ವಾರ ಉತ್ತರ ಗೊಗ್ಗರಾಗಿ ಬಂತು.

"ಈ ವಾರ ಕೂಗು ಯಾಕೋ ಸರಿಯಿರಲಿಲ್ಲ, ಅಲ್ವೇನಮ್ಮ?"

"ಇಬ್ಬನಿ ಸಾರ್, ಯಾರನ್ನ ಬಿಡತ್ತೆ," ಎಂದು ದೋಣಿಯಮ್ಮ ಮುಖ ತಿರುಗಿಸಿ ಪುಸ್ತಕ ಚಾಚಿದಳು.

ಕೊನೆಗೆ ಸರ್ಕಾರದ ತಪಾಸಕ ಬಂದ. ಏರಿಯ ಮೇಲಿನ ಗುಡಿಸಲಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡ. ಅಧಿಕಾರಿ ಬೆವರಲಿಲ್ಲ. ತಾನು ಕೂಗದಿದ್ದರೇನು, ನಿಜವಾದದ್ದು ಆ ದಡದಲ್ಲಿ ಇದೆಯಲ್ಲ.

ಒಂದು ಗಂಟೆ ಕಳೆಯಿತು. ಜೊಂಡು ಅಲುಗಿತು, ಅಷ್ಟೆ. ತಪಾಸಕ ಸೊನ್ನೆ ಬರೆದು, ಟೋಪಿ ಹಾಕಿಕೊಂಡು ಹೊರಟುಹೋದ.

ಕಾರ್ಖಾನೆ, ಕೆಲಸ ಯಾವುದೂ ಅಧಿಕಾರಿಯ ನೆನಪಿಗೆ ಬರಲಿಲ್ಲ. "ಏನಾಯ್ತಮ್ಮ ಅದಕ್ಕೆ?" ಎಂದ.

ದೋಣಿಯಮ್ಮ ಕಣ್ಣೊರೆಸಿಕೊಳ್ಳುತ್ತ ಪಂಪ್‌ಹೌಸಿನ ಕಡೆಯೇ ನೋಡುತ್ತಿದ್ದಳು.

"ದಿನಾ ಅಲ್ಲಿಂದ ಕೂಗ್ತಿತ್ತು ಸಾರ್, ಒಂದೇ ಒಂದು. ಜೊತೆಗೆ ಯಾರೂ ಇಲ್ಲ ಅಂತ ಎಲ್ಲಿ ಬಿಟ್ಟು ಹೋಗತ್ತೋ ಅಂತ, ಆ ದಡದಿಂದ ನಾನೇ ಓಗೊಡ್ತಿದ್ದೆ."