ಬಂದರಿನ ಹಿಂದಿನ ಸ್ಯಾಂಡ್‌ವಿಚ್ ಅಂಗಡಿ

"ಮುಂಜಾನೆ ಐದಕ್ಕೆದ್ದು ಕಟ್ಟಿಕೊಟ್ಟಿದ್ದು ನಿನ್ನ ಗಂಟಲಲ್ಲಿ ಇಳಿಯಲ್ವೇನೋ?" ಎಂದು ಎಂಪಾರ್ ಅಂಗಡಿಯ ಬಾಗಿಲಲ್ಲೇ ಕೂಗಿದಳು. ವಲೆನ್ಸಿಯಾ ಬಂದರಿನ ಹಿಂದಿನ ಆ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಅವಳ ಗಂಡ ವಿಸೆಂಟ್ ಮೊಳದುದ್ದದ ಬ್ರೆಡ್ಡಿಗೆ ಬಾಯಿ ಹಾಕಿ ಕೂತಿದ್ದ. ಅವಳು ಕೊಟ್ಟ ಆಮ್ಲೆಟ್ಟಿನ ಪೊಟ್ಟಣ ಬಿಚ್ಚದೆ ಪಕ್ಕದಲ್ಲೇ ಬಿದ್ದಿತ್ತು.

"ಬೈಬೇಡಿ ಅಕ್ಕಾ, ಇವ್ರು ನಮಗೆ ಹನ್ನೊಂದು ವರ್ಷದ ಗಿರಾಕಿ," ಎಂದು ಅಂಗಡಿಯವ ಶೀಮೊ ಸಮಾಧಾನಕ್ಕೆ ಬಂದ.

"ಹನ್ನೊಂದು ವರ್ಷ!" ಎಂಪಾರ್ ಗಂಡನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು, ಇದೆಂಥ ಕಸ ನೋಡೇಬಿಡೋಣವೆಂದು ಕಚ್ಚಿದಳು. ಹುರಿದ ಕುದುರೆ ಮಾಂಸ, ಎಳೆ ಬೆಳ್ಳುಳ್ಳಿ, ಗರಿಗರಿ ಬ್ರೆಡ್ಡು. ಅಗಿದಳು. ಇನ್ನೊಂದು ತುತ್ತು ಕಚ್ಚಿದಳು. ಮುಖ ಮೊದಲಿಗಿಂತ ಕೆಂಪಾಯಿತು.

"ಚೆನ್ನಾಗಿಲ್ವಾ?" ವಿಸೆಂಟ್ ಅಳುಕುತ್ತಾ ಕೇಳಿದ.

"ಇಷ್ಟು ಚೆನ್ನಾಗಿರೋದನ್ನ ಹನ್ನೊಂದು ವರ್ಷ ಒಬ್ಬನೇ ತಿಂದ್ಯಲ್ಲೋ, ಪಾಪಿ! ಮನೇಲಿ ಹೆಂಡ್ತಿ ಇದಾಳೆ ಅಂತ ಒಂದು ದಿನವೂ ನೆನಪಾಗ್ಲಿಲ್ವಾ?"