ಮೇಡಂ ಕೊಟ್ಟ ನೋಟ್ಸು

“ಅಮೆರಿಕನ್ ಸಾಹಿತ್ಯದ ಪೇಪರಿಗೆ ಈ ವರ್ಷವೂ ನಾಗವೇಣಿ ಮೇಡಂ ಕಾಲೇಜೇ ಫಸ್ಟು, ನೋಡ್ತಿರಿ ಸಾರ್,” ಎಂದರು ಪಕ್ಕದ ಮೇಜಿನವರು.

ಶಿವಯೋಗಪ್ಪ ಮೇಷ್ಟ್ರು ಮುಂದಿನ ಉತ್ತರಪತ್ರಿಕೆ ತೆರೆದರು. ಹದಿನೆಂಟು ವರ್ಷದಿಂದ ತಮ್ಮ ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತಿದ್ದರೂ ಒಬ್ಬರ ಬಾಯಲ್ಲೂ ತಮ್ಮ ಹೆಸರಿಲ್ಲವಲ್ಲ ಎಂದು ಅವರಿಗೆ ಹೊಟ್ಟೆಯುರಿ. ಮೌಲ್ಯಮಾಪನಕ್ಕೆ ಬರುವ ಉತ್ತರಪತ್ರಿಕೆಗಳ ಮೇಲೆ ಹೆಸರು, ಕಾಲೇಜು ಒಂದೂ ಇರುವುದಿಲ್ಲ, ನಿಜ. ಆದರೆ ಈ ಕಟ್ಟಿನ ಉತ್ತರಗಳೆಲ್ಲ ಒಂದೇ ಮಾತಿನಿಂದ ಶುರುವಾಗಿದ್ದವು: ‘ಅಮೆರಿಕ ಎಂದರೆ ಮನೆ ಬಿಟ್ಟು ಬಂದವರ ಮನೆ.’ ಹಿಂದೊಂದು ಸೆಮಿನಾರಿನಲ್ಲಿ ನಾಗವೇಣಿ ಮೇಡಂಗೆ ಚಪ್ಪಾಳೆ ಗಿಟ್ಟಿಸಿದ ಮಾತು, ಮರೆಯುವುದುಂಟೆ? ಹನ್ನೆರಡು ಕೊಡಬೇಕಾದಲ್ಲೆಲ್ಲ ಐದು ಹಾಕಿ, ಕಟ್ಟನ್ನು ಒಪ್ಪಿಸಿ ಬಂದರು.

ಚಹಾದ ಹೊತ್ತಿಗೆ, ಮೌಲ್ಯಮಾಪನಕ್ಕೇ ಬಂದಿದ್ದ ಮೇಡಂ ತಾವೇ ಹುಡುಕಿಕೊಂಡು ಬಂದರು.

“ಬೈಕೋಬೇಡಿ ಸಾರ್. ನಿಮ್ಮ ಹುಡುಗರು ಬಂದು ಕೇಳಿದ್ರು, ನನ್ನ ನೋಟ್ಸು ಕೊಟ್ಟುಬಿಟ್ಟೆ. ಅಷ್ಟೂ ಜನ ಬಾಯಿಪಾಠ ಮಾಡಿದಾರಂತೆ!”

“ಮತ್ತೆ ನಿಮ್ಮ ಹುಡುಗರಿಗೆ?”

“ಅವರಿಗೆಲ್ಲಿ ಕೊಡ್ತೀನಿ? ಓದಿ, ನಿಮಗನ್ನಿಸಿದ್ದು ಬರೀರಿ ಅಂತೀನಿ.”

ಮೇಷ್ಟ್ರು ಲೋಟ ಅಲ್ಲೇ ಇಟ್ಟು ಎದ್ದೋಡಿದರು. ಕಟ್ಟಿನ ದಾರದ ಮೇಲೆ ಮೊಹರಿನ ಅರಗು ಆಗಲೇ ಗಟ್ಟಿಯಾಗಿತ್ತು.